ಹಳೆಯ ಕ್ಯಾಮರಾ ಕೊಳ್ಳುವಾಗ

ನಮ್ಮ ಓದುಗರಲ್ಲಿ ಹಳೆಯ ಫಿಲ್ಮ್ ಕ್ಯಾಮರಾ ಕೊಳ್ಳಬಯಸುವವರಿಗೆ ಎರಡು ಮಾತು. 1950ರ ದಶಕದಲ್ಲಿ ಜರ್ಮನಿಯ ಮ್ಯೂನಿಕ್ಕಿನಲ್ಲಿ ತಯಾರಾದ ಅಗ್ಫಾ ಇಸೊಲೆಟ್ಟನ್ನೇ ನೋಡೋಣ. ಮಡಚಿದರೆ ಕೋಟಿನ ಜೇಬಿಗೆ ಇಳಿಯುತ್ತದೆ. ಇಂದಿಗೂ ಸಿಗುವ 120 ಫಿಲ್ಮಿನಲ್ಲಿ 12 ಚಿತ್ರ ಕೊಡುತ್ತದೆ. ಅದರ ಪ್ರಾಣವಿರುವುದು ಮಸೂರದ ಹಿಂದಿನ ಮಡಿಕೆಮಡಿಕೆಯಾದ ತಿದಿಯಲ್ಲಿ. ಸೂಜಿಮೊನೆಯಷ್ಟು ತೂತಿದ್ದರೂ ಬೆಳಕು ನುಸುಳಿ ಚಿತ್ರಗಳೆಲ್ಲ ಹಾಳು. ಆದುದರಿಂದ ಹಣ ಎಣಿಸುವ ಮುನ್ನ ಕತ್ತಲಲ್ಲಿ ತಿದಿ ಬಿಚ್ಚಿ, ಹಿಂಬದಿಯಿಂದ ಟಾರ್ಚ್ ಹಿಡಿದು ಮೂಲೆಗಳನ್ನು ಪರೀಕ್ಷಿಸತಕ್ಕದ್ದು. ಬೆಳಕಿನ ಚುಕ್ಕೆ ಕಂಡರೆ, ಬೆಲೆ ಎಷ್ಟೇ ಇಳಿಸಿದರೂ ಬೇಡವೆನ್ನುವುದೇ ನಮ್ಮ ಸಲಹೆ. ಮಸೂರದ ಉಂಗುರವೂ ಸರಾಗವಾಗಿ ತಿರುಗಬೇಕು; ಈ ಕ್ಯಾಮರಾಗಳಲ್ಲಿ ಹಳೆಯ ಗ್ರೀಸು ಅಂಟಿನಂತೆ ಗಟ್ಟಿಯಾಗುವುದುಂಟು. ಮುಂಬಯಿಯಂಥ ತೇವದ ಊರಿನಲ್ಲಿ ಮಸೂರದೊಳಗೆ ಜೇಡರ ಬಲೆಯಂತೆ ಬೂಷ್ಟು ಹಬ್ಬೀತು. ಅದೂ ಟಾರ್ಚಿನ ಬೆಳಕಿಗೆ ಕಾಣುತ್ತದೆ. ವರ್ಷಗಟ್ಟಲೆ ಚರ್ಮದ ಚೀಲದಲ್ಲಿ ಮುಚ್ಚಿಟ್ಟದ್ದಾದರೆ ಸಂಶಯ ಇನ್ನೂ ಹೆಚ್ಚಿರಲಿ.