ಘಾಟಿಯ ಹಾದಿ ಮತ್ತು ನೋಡುಗರ ತೀರ್ಪು: ಟೂರ್ ದ ಫ್ರಾನ್ಸ್ ಪಂದ್ಯದ ಮಾರ್ಗ ಪ್ರಕಟಣೆಯನ್ನು ಕುರಿತು

ಪ್ರತಿ ವರ್ಷ ಅಕ್ಟೋಬರ್ ತಿಂಗಳಿನಲ್ಲಿ ಪ್ಯಾರಿಸ್ ನಗರದ ದೊಡ್ಡ ಸಭಾಭವನವೊಂದರಲ್ಲಿ ಫ್ರಾನ್ಸ್ ದೇಶದ ನಕ್ಷೆಯನ್ನು ಅನಾವರಣ ಮಾಡುವ ಪದ್ಧತಿಯುಂಟು. ಮುಂದಿನ ಬೇಸಗೆಯಲ್ಲಿ ನಡೆಯಲಿರುವ ಟೂರ್ ದ ಫ್ರಾನ್ಸ್ ಎಂಬ ಸೈಕಲ್ ಪಂದ್ಯದ ಮಾರ್ಗವನ್ನು ಆ ನಕ್ಷೆ ತೋರಿಸುತ್ತದೆ. ಪಂದ್ಯಕ್ಕೆ ಇನ್ನೂ ಎಂಟು ಒಂಬತ್ತು ತಿಂಗಳುಗಳಿರುತ್ತವೆ. ಒಬ್ಬ ಸವಾರನೂ ಆ ಹಾದಿಯಲ್ಲಿ ಪೆಡಲು ತುಳಿದಿರುವುದಿಲ್ಲ. ಆದರೂ ನಕ್ಷೆಯ ಮೇಲಿನ ಗೆರೆಯನ್ನು ಕಂಡ ಕ್ಷಣದಿಂದಲೇ ಅಭಿಮಾನಿಗಳಲ್ಲಿ ಹರ್ಷ, ಅಸಮಾಧಾನ, ಅನುಮಾನ, ಲೆಕ್ಕಾಚಾರಗಳೆಲ್ಲವೂ ಒಟ್ಟಿಗೆ ಹೊರಡುತ್ತವೆ. ಮಾರ್ಗದಲ್ಲಿ ಬೆಟ್ಟಗಳು ಹೆಚ್ಚಿದ್ದಷ್ಟೂ ಚರ್ಚೆಯ ಕಾವು ಹೆಚ್ಚು. ಈ ಚರ್ಚೆಗೆ ನೂರು ವರ್ಷಗಳಿಗೂ ಮಿಕ್ಕಿದ ಇತಿಹಾಸವಿದೆ. ಅದನ್ನು ಸಂಕ್ಷೇಪವಾಗಿ ನಿರೂಪಿಸಿ, ನೋಡುಗರು ಮಾರ್ಗವನ್ನು ಯಾವ ಅಳತೆಗೋಲುಗಳಿಂದ ಅಳೆಯುತ್ತ ಬಂದಿದ್ದಾರೆ, ಆ ಅಳತೆಯಲ್ಲಿ ಯಾವುದು ಬಿಟ್ಟುಹೋಗುತ್ತದೆ ಎಂಬುದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಪಂದ್ಯದ ಪರಿಚಯವಿಲ್ಲದ ವಾಚಕರಿಗಾಗಿ ಒಂದೆರಡು ಮಾತು ಅವಶ್ಯ. ಇದು ಸುಮಾರು ಮೂರು ವಾರಗಳ ಕಾಲ, ಈಗಿನ ಕ್ರಮದಲ್ಲಿ ಇಪ್ಪತ್ತೊಂದು ಹಂತಗಳಾಗಿ ನಡೆಯುವ ಸ್ಪರ್ಧೆ. ಪ್ರತಿಯೊಂದು ಹಂತಕ್ಕೂ ಒಬ್ಬ ವಿಜೇತನಿರುತ್ತಾನೆ. ಎಲ್ಲ ಹಂತಗಳಲ್ಲಿ ಹಿಡಿದ ಕಾಲವನ್ನು ಕೂಡಿದಾಗ ಯಾರ ಮೊತ್ತ ಅತ್ಯಲ್ಪವೋ ಅವನು ಇಡೀ ಪಂದ್ಯವನ್ನು ಗೆಲ್ಲುತ್ತಾನೆ. ಸಮತಟ್ಟಾದ ನೆಲದಲ್ಲಿ ಸವಾರನ ಮುಖ್ಯ ಶತ್ರು ಗಾಳಿ. ಮುಂದಿನವನ ಬೆನ್ನಿಗೆ ಅಂಟಿಕೊಂಡು ಹೋಗುವವನಿಗೆ ಗಾಳಿಯ ಎದುರೊತ್ತು ಬಹುಮಟ್ಟಿಗೆ ತಪ್ಪುತ್ತದೆ. ಆದುದರಿಂದ ಬಲ್ಲಿದನೂ ಸಾಮಾನ್ಯನೂ ಒಂದೇ ಗುಂಪಿನಲ್ಲಿ ಸೇರಿ ಒಟ್ಟಿಗೆ ಗುರಿ ಮುಟ್ಟುವುದು ಸಾಧ್ಯ. ಕಡಿದಾದ ಏರಿನಲ್ಲಿ ವೇಗ ತಗ್ಗುತ್ತದೆ, ಗಾಳಿಯ ಮರೆ ಪ್ರಯೋಜನಕ್ಕೆ ಬಾರದಾಗುತ್ತದೆ, ತನ್ನ ಭಾರವನ್ನು ಪ್ರತಿಯೊಬ್ಬನೂ ತಾನೇ ಎತ್ತಿಕೊಂಡು ಹೋಗಬೇಕಾಗುತ್ತದೆ. ಗುಂಪು ಒಡೆಯುವುದು ಅಲ್ಲಿ. ನಿಮಿಷಗಳ ಅಂತರ ಹುಟ್ಟುವುದೂ ಅಲ್ಲಿ.

ನುರಿತ ಅಭಿಮಾನಿಯು ನಕ್ಷೆಯನ್ನು ಓದುವ ಬಗೆ ಇದರಿಂದ ತಿಳಿಯುತ್ತದೆ. ಎಷ್ಟು ಘಾಟಿಗಳಿವೆ ಎಂದು ಎಣಿಸಿ ಅವನು ಸುಮ್ಮನಾಗುವುದಿಲ್ಲ. ಏರಿನ ಉದ್ದವೆಷ್ಟು, ಕಡಿದು ಎಷ್ಟು, ಕೊನೆಯ ಶಿಖರದಿಂದ ಗುರಿಗೆ ದೂರವೆಷ್ಟು ಎಂದು ನೋಡುತ್ತಾನೆ. ಶಿಖರದ ತರುವಾಯ ಮೂವತ್ತು ನಲವತ್ತು ಕಿಲೋಮೀಟರು ಸಮತಟ್ಟಾದ ಕಣಿವೆಯಿದ್ದರೆ ಹಿಂದುಳಿದವರು ಗುಂಪುಗೂಡಿ ಮುಂದಿನವನನ್ನು ಹಿಡಿಯಬಲ್ಲರು. ಏರಿದ ಶ್ರಮವೆಲ್ಲ ನಿಷ್ಫಲವಾಗುತ್ತದೆ. ಗುರಿಯು ಶಿಖರದ ಮೇಲೆಯೇ ಇದ್ದರೆ ಗಳಿಸಿದ ಅಂತರ ಉಳಿಯುತ್ತದೆ. ಹೀಗೆ ಒಂದೇ ಬೆಟ್ಟ ಇರುವ ಸ್ಥಾನವನ್ನು ಅನುಸರಿಸಿ ನಿರ್ಣಾಯಕವೂ ಆಗಬಹುದು, ಅಲಂಕಾರಮಾತ್ರವೂ ಆಗಬಹುದು.

ಈ ಪಂದ್ಯ ಹುಟ್ಟಿದ್ದು ಒಂದು ಪತ್ರಿಕೆಯ ಅಗತ್ಯದಿಂದ. ಪ್ಯಾರಿಸಿನ 'ಲೋತೊ' ಎಂಬ ಕ್ರೀಡಾಪತ್ರಿಕೆ ತನ್ನ ಪ್ರತಿಸ್ಪರ್ಧಿಯಾದ 'ಲ ವೆಲೊ' ಪತ್ರಿಕೆಯನ್ನು ಹಿಂದೆ ಹಾಕಲು ಉಪಾಯ ಹುಡುಕುತ್ತಿದ್ದಿತು. ಜೆಯೊ ಲೆಫೆವ್ರ್ ಎಂಬ ತರುಣ ಪತ್ರಕರ್ತನ ಸಲಹೆಯನ್ನು ಸಂಪಾದಕ ಆನ್ರಿ ದೆಗ್ರಾಂಜ್ ಒಪ್ಪಿದನು. ೧೯೦೩ನೆಯ ಜುಲೈ ೧ರಂದು ೬೦ ಮಂದಿ ಸವಾರರು ಹೊರಟರು. ಆರು ಹಂತಗಳಲ್ಲಿ ೨,೪೦೦ ಕಿಲೋಮೀಟರಿಗೂ ಹೆಚ್ಚಿನ ದಾರಿಯನ್ನು ಕ್ರಮಿಸಿ ಕೊನೆ ಮುಟ್ಟಿದವರು ೨೧ ಮಂದಿ. ಪಂದ್ಯಕ್ಕೆ ಮುಂಚೆ ಸುಮಾರು ೨೫,೦೦೦ ಇದ್ದ ಪತ್ರಿಕೆಯ ಪ್ರಸಾರ ತರುವಾಯ ೬೫,೦೦೦ಕ್ಕೇರಿತೆಂದು ಹೇಳುತ್ತಾರೆ. ಮರುವರ್ಷ 'ಲ ವೆಲೊ' ನಿಂತುಹೋಯಿತು. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಅಂದಿನ ಅಭಿಮಾನಿ ಮೊದಲು ಓದುಗ, ಅನಂತರ ನೋಡುಗ. ತನ್ನ ಊರಿನ ಮುಂದೆ ಸವಾರರು ಹಾದುಹೋಗುವುದನ್ನು ಅವನು ಕೆಲವು ಕ್ಷಣ ಮಾತ್ರ ಕಾಣಬಲ್ಲವನಾಗಿದ್ದನು. ಉಳಿದುದೆಲ್ಲವೂ ಅವನಿಗೆ ಕಾಗದದ ಮೇಲೆ ದೊರೆಯಬೇಕಾಗಿದ್ದಿತು. ಅಂಥ ಓದುಗನಿಗೆ ಸಮತಟ್ಟಾದ ರಸ್ತೆಯ ವರದಿಗಿಂತ ಬೆಟ್ಟದ ವರದಿ ರುಚಿಸಿದುದು ಸಹಜ.

೧೯೦೫ರಲ್ಲಿ ವೋಜ್ ಪರ್ವತಗಳ ಬಾಲೋಂ ದಾಲ್ಸಾಸ್ ಶಿಖರವನ್ನು ಮಾರ್ಗದಲ್ಲಿ ಸೇರಿಸಲಾಯಿತು. ರೆನೆ ಪೋತಿಯೆ ಎಂಬ ಸವಾರ ಮೊದಲಿಗನಾಗಿ ಅದನ್ನು ಏರಿದನು. ಆದರೆ ಅಲ್ಲಿ ರಸ್ತೆ ದಾಟುವ ಘಾಟಿಯ ಎತ್ತರ ೧,೨೦೦ ಮೀಟರನ್ನೂ ಮುಟ್ಟದು. ೧೯೧೦ರಲ್ಲಿ ದೆಗ್ರಾಂಜನ ಸಹಾಯಕ ಆಲ್ಫೋನ್ಸ್ ಸ್ಟೈನೆಸ್, ಪಂದ್ಯವನ್ನು ಪಿರನೀಸ್ ಪರ್ವತಗಳ ಮೇಲೆ ಕೊಂಡೊಯ್ಯಬೇಕೆಂದು ಹಟ ಹಿಡಿದನು. ಹಾದಿಯನ್ನು ಪರೀಕ್ಷಿಸಲು ಅವನೇ ಹೋದನು. ೨,೧೧೫ ಮೀಟರ್ ಎತ್ತರದ ತೂರ್ಮಾಲೆ ಘಾಟಿಯಲ್ಲಿ ಅವನ ಮೋಟಾರು ಹಿಮಕ್ಕೆ ಸಿಕ್ಕಿ ನಿಂತಿತು. ಕತ್ತಲೆಯಲ್ಲಿ ಕಾಲ್ನಡಿಗೆಯಿಂದ ಹೊರಟು, ದಾರಿ ತಪ್ಪಿ, ಬಹಳ ಕಷ್ಟದಿಂದ ಆಚೆಯ ಊರನ್ನು ಸೇರಿದನು. ಆದರೆ ಪ್ಯಾರಿಸಿಗೆ ಅವನು ಕಳುಹಿಸಿದ ತಂತಿಯಲ್ಲಿ, ಘಾಟಿಯನ್ನು ದಾಟಿದ್ದಾಯಿತು, ರಸ್ತೆ ಚೆನ್ನಾಗಿದೆ, ಸವಾರಿಗೆ ಅಡ್ಡಿಯಿಲ್ಲ ಎಂಬ ಅರ್ಥದ ಮಾತುಗಳಿದ್ದವು. ಕ್ರೀಡೆಯ ಇತಿಹಾಸದಲ್ಲಿ ಇಷ್ಟು ದೊಡ್ಡ ಪರಿಣಾಮವನ್ನು ಮಾಡಿದ ಸುಳ್ಳು ವಿರಳ.

ಮಾರ್ಗ ಪ್ರಕಟವಾದೊಡನೆ ಹುಟ್ಟಿದ ಮೊದಲ ಪ್ರತಿಕ್ರಿಯೆ ಭಯ. ಪಿರನೀಸ್ ಪರ್ವತಗಳು ಕರಡಿಗಳ ವಾಸಸ್ಥಾನವೆಂಬ ಮಾತು ಹರಡಿತು. ರಸ್ತೆಗಳು ದನಗಾಹಿಗಳ ಹಾಗೂ ಮರ ಸಾಗಿಸುವವರ ಕಲ್ಲುಮಣ್ಣಿನ ಜಾಡುಗಳಾಗಿದ್ದವು; ಇಂದಿನಂತೆ ಏರಿಗೆ ತಕ್ಕಂತೆ ಗಿಯರು ಬದಲಿಸುವ ಸಾಧನವಿರಲಿಲ್ಲ. ಅದಕ್ಕೆ ಈ ಪಂದ್ಯದಲ್ಲಿ ಅನುಮತಿ ದೊರೆತುದು ೧೯೩೭ರಲ್ಲಿ. ಹೆಸರು ಕೊಟ್ಟಿದ್ದ ೧೩೬ ಸವಾರರ ಪೈಕಿ ಹೊರಟವರು ೧೧೦ ಮಂದಿ. ಉಳಿದ ೨೬ ಮಂದಿ ಘಾಟಿಗಳ ಸುದ್ದಿ ಕೇಳಿ ಹಿಂದೆಗೆದರೆಂದು ಪಂದ್ಯದ ಚರಿತ್ರಕಾರರು ಬರೆಯುತ್ತಾರೆ. ದಣಿದು ಬಿಟ್ಟುಕೊಟ್ಟವರನ್ನು ಹತ್ತಿಸಿಕೊಂಡು ಬರಲು ಆ ವರ್ಷವೇ ಮೊದಲ ಬಾರಿಗೆ ಒಂದು ವಾಹನವನ್ನು ಪಂದ್ಯದ ಹಿಂದೆ ಬಿಡಲಾಯಿತು. ಫ್ರೆಂಚರು ಇಂದಿಗೂ ಅದನ್ನು ಪೊರಕೆಗಾಡಿ ಎಂದೇ ಕರೆಯುತ್ತಾರೆ.

೧೯೧೦ನೆಯ ಜುಲೈ ೨೧ರಂದು ಲೂಶೋಂ ಪಟ್ಟಣದಿಂದ ಬಯೋನ್ ನಗರಕ್ಕೆ ೩೨೬ ಕಿಲೋಮೀಟರಿನ ಹಂತ. ಪೆರೆಸೂರ್ಡ್, ಆಸ್ಪಿನ್, ತೂರ್ಮಾಲೆ, ಓಬಿಸ್ಕ್ ಎಂಬ ನಾಲ್ಕು ದೊಡ್ಡ ಘಾಟಿಗಳು ದಾರಿಯಲ್ಲಿದ್ದವು. ಒಕ್ತಾವ್ ಲಾಪೀಜ್ ಎಂಬ ಸವಾರ ಕೆಲವೆಡೆ ತುಳಿಯುತ್ತ, ಕೆಲವೆಡೆ ಸೈಕಲನ್ನು ತಳ್ಳಿಕೊಂಡು ನಡೆಯುತ್ತ ತೂರ್ಮಾಲೆಯನ್ನು ಎಲ್ಲರಿಗಿಂತ ಮೊದಲು ದಾಟಿದನು. ಗುಸ್ತಾವ್ ಗಾರಿಗು ಒಮ್ಮೆಯೂ ಕೆಳಗಿಳಿಯದೆ ಅದನ್ನು ಏರಿದನು. ಲಾಪೀಜ್ ಸಂಘಟಕರನ್ನು ಕಂಡು 'ಕೊಲೆಗಡುಕರು' ಎಂದು ಕೂಗಿದನೆಂಬುದು ಪ್ರಸಿದ್ಧ. ಅದನ್ನು ಎಲ್ಲಿ, ಯಾರಿಗೆ ಹೇಳಿದನೆಂಬುದರಲ್ಲಿ ಕಥನಗಳು ಒಂದನ್ನೊಂದು ಹೋಲವು. ಮಾತು ಮಾತ್ರ ಉಳಿದಿದೆ. ಹದಿನಾಲ್ಕು ಗಂಟೆಗಳಿಗೂ ಮಿಕ್ಕ ಸವಾರಿಯ ಬಳಿಕ ಆ ಹಂತವನ್ನು ಅವನೇ ಗೆದ್ದನು. ಇಡೀ ಪಂದ್ಯವೂ ಅವನದೇ ಆಯಿತು. ಕೊನೆ ಮುಟ್ಟಿದವರು ೪೧ ಮಂದಿ.

ಓದುಗರು ಮಾತ್ರ ಆ ಬೆಟ್ಟಗಳನ್ನು ಬಿಡಲೊಪ್ಪಲಿಲ್ಲ. ಮರುವರ್ಷವೇ ಆಲ್ಪ್ಸ್ ಪರ್ವತದ ಗಾಲಿಬಿಯೆ ಘಾಟಿ ಮಾರ್ಗದಲ್ಲಿ ಸೇರಿತು. ೧೯೩೩ರಲ್ಲಿ ಬೆಟ್ಟಗಳನ್ನು ಮೊದಲು ಏರಿದವರಿಗೆ ಪ್ರತ್ಯೇಕ ಬಹುಮಾನ ಬಂದಿತು. ಒಂದು ತಲೆಮಾರಿನೊಳಗಾಗಿ, ಅಪರಾಧವೆಂದು ತೋರಿದ ಹಾದಿಯೇ ಪಂದ್ಯದ ಹೃದಯವೆಂದು ಗಣಿತವಾಯಿತು. ಈಗ ಘಾಟಿಗಳಿಲ್ಲದ ಮಾರ್ಗವನ್ನು ಪ್ರಕಟಿಸಿದರೆ ಅಭಿಮಾನಿಗಳು ಅದನ್ನು ಟೂರ್ ಎಂದೇ ಒಪ್ಪಲಾರರು.

ಎರಡನೆಯ ಬಗೆಯ ಪ್ರತಿಕ್ರಿಯೆ ಪಕ್ಷಪಾತದ ಅನುಮಾನ. ಬೆಟ್ಟ ಹೆಚ್ಚಾದರೆ ಹಗುರ ಮೈಯ ಏರುಗಾರನಿಗೆ ಅನುಕೂಲ. ಗಡಿಯಾರಕ್ಕೆದುರಾಗಿ ಒಬ್ಬೊಬ್ಬನೇ ಓಡುವ ಟೈಮ್ ಟ್ರಯಲ್ ಹಂತಗಳು ಹೆಚ್ಚಾದರೆ ಬಲಿಷ್ಠ ಕಾಯದವನಿಗೆ ಅನುಕೂಲ. ಆದುದರಿಂದ ಪ್ರತಿಯೊಂದು ಮಾರ್ಗವೂ, ಸಂಘಟಕರು ಬಯಸಲಿ ಬಿಡಲಿ, ಒಬ್ಬನ ಪರವಾದ ಮತದಂತೆ ಕಾಣುತ್ತದೆ. ಇದಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ೧೯೮೪ರ ಇಟಲಿಯ ಜೀರೊ ಪಂದ್ಯದಲ್ಲಿ. ಪ್ರಕಟಿತ ಮಾರ್ಗದಲ್ಲಿದ್ದ ೨,೭೫೮ ಮೀಟರ್ ಎತ್ತರದ ಸ್ಟೆಲ್ವಿಯೊ ಘಾಟಿಯನ್ನು ಹಿಮದ ಕಾರಣ ಹೇಳಿ ಕೈಬಿಡಲಾಯಿತು. ಇಟಲಿಯವನಾದ ಫ್ರಾನ್ಚೆಸ್ಕೊ ಮೊಸೆರ್ ಏರಿನಲ್ಲಿ ದುರ್ಬಲ, ಟೈಮ್ ಟ್ರಯಲಿನಲ್ಲಿ ಸಮರ್ಥ; ಅವನ ಪ್ರತಿಸ್ಪರ್ಧಿ ಫ್ರಾನ್ಸಿನ ಲೊರಾಂ ಫಿನ್ಯೋಂ ಏರಿನಲ್ಲಿ ಪ್ರಬಲ. ಕೊನೆಯ ದಿನದ ಟೈಮ್ ಟ್ರಯಲಿನಲ್ಲಿ ಮೊಸೆರ್ ಮುನ್ನಡೆದು ೧ ನಿಮಿಷ ೩ ಸೆಕೆಂಡುಗಳ ಅಂತರದಿಂದ ಪಂದ್ಯವನ್ನು ಗೆದ್ದನು. ಘಾಟಿ ನಿಜವಾಗಿಯೂ ದುರ್ಗಮವಾಗಿದ್ದಿತೇ ಎಂಬ ವಿವಾದ ಇಂದಿಗೂ ಮುಗಿದಿಲ್ಲ. ೨೦೧೨ರ ಟೂರ್ ಮಾರ್ಗದಲ್ಲಿ ಒಂಟಿ ಓಟಗಳ ಮೊತ್ತ ನೂರು ಕಿಲೋಮೀಟರನ್ನು ಮೀರಿದ್ದಿತು. ಏರುಗಾರರನ್ನು ಮೆಚ್ಚುವವರಿಗೆ ಅದು ರುಚಿಸಲಿಲ್ಲ. ಟೈಮ್ ಟ್ರಯಲಿನಲ್ಲಿ ನಿಷ್ಣಾತನಾದ ಬ್ರಿಟನ್ನಿನ ಬ್ರಾಡ್ಲಿ ವಿಗಿನ್ಸ್ ಆ ವರ್ಷ ಗೆದ್ದಾಗ ಅವರ ಊಹೆ ನಿಜವಾಯಿತು.

ಮೂರನೆಯ ಬಗೆಯದು ಬೇಸರದ ಆತಂಕ. ಬೆಟ್ಟಗಳು ಹೆಚ್ಚಿದಷ್ಟೂ ಸ್ಪರ್ಧೆ ಹೆಚ್ಚು ರೋಚಕವಾಗುತ್ತದೆಂಬುದು ಹೊಸ ಅಭಿಮಾನಿಯ ನಂಬಿಕೆ. ಇತಿಹಾಸ ಅದನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ. ೧೯೫೨ರಲ್ಲಿ ಆಲ್ಪ್ ದ್ಯುಯೆಜ್, ಸೆಸ್ತ್ರಿಯೆರೆ, ಪ್ವಿ ದ ದೋಮ್ ಎಂಬ ಮೂರು ಎತ್ತರಗಳ ಮೇಲೆ ಗುರಿಯನ್ನಿಡಲಾಯಿತು. ಮೂರನ್ನೂ ಇಟಲಿಯ ಫೌಸ್ತೊ ಕೊಪ್ಪಿಯೇ ಗೆದ್ದನು. ಕೊನೆಗೆ ಎರಡನೆಯವನಾದ ಬೆಲ್ಜಿಯಂ ದೇಶದ ಸ್ಟಾನ್ ಒಕರ್ಸನಿಗಿಂತ ಅವನು ೨೮ ನಿಮಿಷಗಳಿಗೂ ಹೆಚ್ಚು ಮುಂದಿದ್ದನು. ಸ್ಪರ್ಧೆಯಲ್ಲಿ ಸ್ವಾರಸ್ಯವನ್ನುಳಿಸಲು ಸಂಘಟಕರು ಎರಡನೆಯ ಸ್ಥಾನದ ಬಹುಮಾನದ ಹಣವನ್ನು ನಡುವೆಯೇ ಹೆಚ್ಚಿಸಬೇಕಾಯಿತು. ಸಮಬಲರಿದ್ದಾಗ ಬೆಟ್ಟವು ಅವರನ್ನು ಪರೀಕ್ಷಿಸುತ್ತದೆ. ಒಬ್ಬನೇ ಅತಿಬಲನಿದ್ದಾಗ ಅವನ ಹಿರಿಮೆಯನ್ನು ಮತ್ತೆ ಮತ್ತೆ ಸಾರುತ್ತದೆ, ಅಷ್ಟೆ. ೨೦೨೫ರ ಅಕ್ಟೋಬರಿನಲ್ಲಿ ಪ್ರಕಟವಾದ ೨೦೨೬ರ ಮಾರ್ಗದಲ್ಲಿ ಕೊನೆಯ ಎರಡು ಬೆಟ್ಟದ ಹಂತಗಳು ಬೆನ್ನು ಬೆನ್ನಿಗೆ ಆಲ್ಪ್ ದ್ಯುಯೆಜ್ ಮೇಲೆಯೇ ಮುಗಿಯುವಂತೆ ಗೊತ್ತುಮಾಡಲಾಗಿದ್ದಿತು. ಅದಕ್ಕೆ ಹಿಂದಿನ ಆರು ವರ್ಷಗಳಲ್ಲಿ ನಾಲ್ಕು ಬಾರಿ ಗೆದ್ದಿದ್ದ ಸ್ಲೊವೇನಿಯಾದ ತಾದೇಯ್ ಪೊಗಾಚರನಂಥವನು ಕಣದಲ್ಲಿರುವಾಗ, ೧೯೫೨ರ ಪ್ರಶ್ನೆಯೇ ಮತ್ತೆ ಏಳುತ್ತದೆ: ಬೆಟ್ಟಗಳನ್ನು ಕೊನೆಗೆ ಕೂಡಿಟ್ಟರೆ ಕುತೂಹಲ ಕೊನೆಯವರೆಗೆ ಉಳಿದೀತೇ, ಅಥವಾ ಮೊದಲ ಬೆಟ್ಟದಲ್ಲಿಯೇ ಎಲ್ಲವೂ ತೀರ್ಮಾನವಾದೀತೇ?

ಕ್ರೌರ್ಯ, ಪಕ್ಷಪಾತ, ಬೇಸರ ಎಂಬ ಈ ಮೂರು ಅಳತೆಗೋಲುಗಳಲ್ಲಿ ಮೊದಲನೆಯದು ಕಾಲಕ್ರಮದಲ್ಲಿ ಸವೆದುಹೋಗಿದೆ ಎಂಬುದು ನಮ್ಮ ಅಭಿಪ್ರಾಯ. ೧೯೧೦ರಲ್ಲಿ ಜನ ಮೊದಲು ಕೇಳಿದುದು, ಈ ಹಾದಿಯನ್ನು ಮನುಷ್ಯ ತಾಳಬಲ್ಲನೇ ಎಂದು. ಇಂದು ಮೊದಲು ಕೇಳುವುದು, ಇದು ನಮ್ಮನ್ನು ರಂಜಿಸೀತೇ ಎಂದು. ರಸ್ತೆ, ಗಾಲಿ, ಆಹಾರ, ಚಿಕಿತ್ಸೆಗಳೆಲ್ಲ ಸುಧಾರಿಸಿವೆಯೆಂಬುದು ನಿರ್ವಿವಾದ. ಆದರೆ ಗಂಡಾಂತರ ತೀರಿಲ್ಲ. ೧೯೩೫ರಲ್ಲಿ ಸ್ಪೇನಿನ ಫ್ರಾನ್ಸಿಸ್ಕೊ ಸೆಪೆಡಾ ಗಾಲಿಬಿಯೆಯ ಇಳಿಜಾರಿನಲ್ಲಿ ಬಿದ್ದು ತೀರಿಕೊಂಡನು. ೧೯೬೭ರಲ್ಲಿ ಬ್ರಿಟನ್ನಿನ ಟಾಮ್ ಸಿಂಪ್ಸನ್ ಮೋಂ ವಾಂತು ಬೆಟ್ಟದ ಸುಡುಬಿಸಿಲಿನಲ್ಲಿ ಕುಸಿದು ಮಡಿದನು. ಅವನ ದೇಹದಲ್ಲಿ ಉತ್ತೇಜಕ ಮದ್ದು ಕಂಡುಬಂದಿತು. ೧೯೯೫ರಲ್ಲಿ ಇಟಲಿಯ ಫಾಬಿಯೊ ಕಸಾರ್ತೆಲ್ಲಿ ಪಿರನೀಸ್ ಪರ್ವತದ ಇಳಿಜಾರಿನಲ್ಲಿ ಅಸುನೀಗಿದನು. ನಕ್ಷೆಯಲ್ಲಿ ಅಭಿಮಾನಿಯ ಕಣ್ಣು ಏರುಗೆರೆಯ ಮೇಲೆಯೇ ನೆಟ್ಟಿರುತ್ತದೆ. ಈ ಮೂವರಲ್ಲಿ ಇಬ್ಬರು ಸತ್ತುದು ಇಳಿಯುವ ಗೆರೆಯಲ್ಲಿ. ವಿಪರೀತ ಹವಾಮಾನದಲ್ಲಿ ಹಂತವನ್ನು ಬದಲಿಸುವ ಅಥವಾ ರದ್ದುಮಾಡುವ ವಿಷಯದಲ್ಲಿ ಸವಾರರ ಮಾತಿಗೂ ಸ್ಥಾನ ಕೊಡುವ ನಿಯಮವನ್ನು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಜಾರಿಗೆ ತಂದುದು ೨೦೧೬ರಲ್ಲಿ, ಅಂದರೆ ಲಾಪೀಜನ ಕೂಗಿನ ನೂರ ಆರು ವರ್ಷಗಳ ತರುವಾಯ.

ಇದರಿಂದ ಅಭಿಮಾನಿಯ ಹರ್ಷ ತಪ್ಪೆಂದು ನಾವು ಹೇಳುತ್ತಿಲ್ಲ. ಆ ಹರ್ಷವಿಲ್ಲದಿದ್ದರೆ ಪಂದ್ಯವೇ ಇರುತ್ತಿರಲಿಲ್ಲ. ಸವಾರರಿಗೆ ಜೀವನೋಪಾಯವೂ ಇರುತ್ತಿರಲಿಲ್ಲ. ಬೆಟ್ಟದ ಮಾರ್ಗ ಹುಟ್ಟಿದುದು ಓದುಗನ ಬಯಕೆ, ಪತ್ರಿಕೆಯ ಲಾಭ, ಸವಾರನ ದುಡಿಮೆ ಈ ಮೂರರ ಕೂಡಿಕೆಯಿಂದ. ಮಾರ್ಗ ಪ್ರಕಟವಾದ ದಿನ ಮೊದಲಿನ ಎರಡೇ ಕಣ್ಣಿಗೆ ಬೀಳುತ್ತವೆ, ಮೂರನೆಯದು ಜುಲೈ ತಿಂಗಳವರೆಗೆ ಮರೆಯಾಗಿರುತ್ತದೆ. ಆದುದರಿಂದ ಮಾರ್ಗವನ್ನು ತೂಗುವಾಗ, ಯಾರಿಗೆ ಅನುಕೂಲ, ನಮಗೆಷ್ಟು ಸ್ವಾರಸ್ಯ ಎಂಬ ಪ್ರಶ್ನೆಗಳ ಜೊತೆಗೆ, ತುಳಿಯುವವನಿಗೆ ಇದರ ಬೆಲೆಯೇನು ಎಂಬ ಹಳೆಯ ಪ್ರಶ್ನೆಯನ್ನೂ ತಕ್ಕಡಿಯಲ್ಲಿಡುವುದು ಉಚಿತ. ಒಂದು ಕಾಲಕ್ಕೆ ಎಲ್ಲರೂ ಕೇಳಿದ ಪ್ರಶ್ನೆ ಅದು.