ಬಣ್ಣ ಹಾಕಿದರೂ ಬೆಳಕು ಹಾಯಬೇಕು

ದೊಡ್ಡಬಳ್ಳಾಪುರದ ನಮ್ಮ ನೆಂಟರ ಮನೆಯಲ್ಲಿ ಏಳನೇ ತರಗತಿಯ ಹುಡುಗನೊಬ್ಬನಿದ್ದಾನೆ. ಹುಟ್ಟುಹಬ್ಬಕ್ಕೆ ಸೋದರಮಾವ ಕೊಟ್ಟ ಆಟದ ಪೆಟ್ಟಿಗೆಯಲ್ಲಿ ಹೆಬ್ಬೆರಳು ಗಾತ್ರದ ಪ್ಲಾಸ್ಟಿಕ್ ಗೊಂಬೆಗಳಿದ್ದವು. ಒಂದು ಭೂತ, ಒಂದು ಬೆಂಕಿಯ ಜ್ವಾಲೆ, ಒಂದು ನೀರಿನ ರಾಕ್ಷಸ. ಎಲ್ಲವೂ ಅರೆಪಾರದರ್ಶಕ. ಕಿಟಕಿಗೆ ಎದುರಾಗಿ ಹಿಡಿದರೆ ಒಳಗೆ ದೀಪ ಹಚ್ಚಿಟ್ಟಂತೆ ಕಾಣುತ್ತಿದ್ದವು.

ಒಂದು ಭಾನುವಾರ ಆತ ಜ್ವಾಲೆಗೆ ಬಿಳಿ ಬಣ್ಣದ ಅಸ್ತರಿ ಕೊಟ್ಟು, ಅದರ ಮೇಲೆ ಕೆಂಪು ಅಕ್ರಿಲಿಕ್ ಬಳಿದ. ಒಣಗಿದ ಮೇಲೆ ನೋಡಿದರೆ ಬೆಂಕಿ ಇಟ್ಟಿಗೆಯಾಗಿತ್ತು! ಹುಡುಗ ಅಳುವುದೊಂದು ಬಾಕಿ. ‘ಚೆನ್ನಾಗಿದ್ದದ್ದನ್ನು ಹಾಳು ಮಾಡಿಟ್ಟೆಯಲ್ಲೋ’ ಎಂದರು ತಾಯಿ. ತಂದೆ ರೇಷ್ಮೆ ನೂಲಿಗೆ ಬಣ್ಣ ಹಾಕುವ ಕೆಲಸದವರು. ಗೊಂಬೆಯನ್ನು ತಿರುಗಿಸಿ ನೋಡಿ, ‘ನೀನು ಗೋಡೆಗೆ ಸುಣ್ಣ ಬಳಿದ ಹಾಗೆ ಬಳಿದಿದ್ದೀಯ. ನಾವು ನೂಲಿಗೆ ಬಣ್ಣ ಬಳಿಯುತ್ತೇವೇನೋ? ಕುಡಿಸುತ್ತೇವೆ’ ಎಂದರು.

ಆ ಒಂದು ಮಾತಿನಲ್ಲಿ ಇಡೀ ವಿದ್ಯೆಯ ಗುಟ್ಟಿದೆ. ಸಾಮಾನ್ಯ ಬಣ್ಣಗಳಲ್ಲಿ ಕರಗದ ಪುಡಿಯ ಕಣಗಳಿರುತ್ತವೆ. ಬಿಳಿಯ ಬಣ್ಣದಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಅಂಥದ್ದು. ಈ ಕಣಗಳು ಬೆಳಕನ್ನು ಚದುರಿಸಿ ಹಿಂದಕ್ಕೆ ಕಳುಹಿಸುತ್ತವೆ, ಒಳಕ್ಕೆ ಬಿಡುವುದಿಲ್ಲ. ನೂಲಿಗೆ ಹಾಕುವ ಬಣ್ಣವಾದರೋ ನೀರಿನಲ್ಲಿ ಕರಗಿ ಎಳೆಯೊಳಗೆ ಇಳಿಯುತ್ತದೆ. ಅದು ಬೆಳಕಿನ ಒಂದು ಭಾಗವನ್ನು ಹೀರಿಕೊಂಡು ಉಳಿದದ್ದನ್ನು ಹಾಯಲು ಬಿಡುತ್ತದೆ. ಬಣ್ಣ ಹಾಕಿದ ಮೇಲೂ ರೇಷ್ಮೆಯ ಹೊಳಪು ಉಳಿಯುವುದು ಅದರಿಂದಲೇ.

ಈ ಸೂಕ್ಷ್ಮವನ್ನು ನಮ್ಮ ತೊಗಲುಗೊಂಬೆಯ ಕಲಾವಿದರು ತಲೆಮಾರುಗಳಿಂದ ಬಲ್ಲರು. ಆಡಿನ ತೊಗಲಿನ ಕೂದಲು ತೆಗೆದು, ಬಿಗಿದು ಒಣಗಿಸಿ, ತೆಳುವಾಗಿ ಹೆರೆದರೆ ಅದು ಬೆಳಕು ಹಾಯುವ ಹಾಳೆಯಾಗುತ್ತದೆ. ಕಪ್ಪು ಗೆರೆಯಲ್ಲಿ ಚಿತ್ರ ಬರೆದು, ಬೆಳಕು ಹಾಯಿಸುವ ಕೆಂಪು, ಹಸಿರು ಬಣ್ಣ ತುಂಬುತ್ತಾರೆ. ಒಡವೆಗಳಿರುವ ಕಡೆ ಬಣ್ಣವನ್ನೇ ಹಚ್ಚದೆ ಸಣ್ಣ ಸಣ್ಣ ತೂತು ಕೊರೆಯುತ್ತಾರೆ. ಪರದೆಯ ಹಿಂದೆ ದೀಪ ಹೊತ್ತಿದಾಗ ರಾವಣನ ಕಿರೀಟದಲ್ಲಿ ಮಿನುಗುವ ರತ್ನಗಳು ಈ ತೂತುಗಳಿಂದ ಬಂದ ಬೆಳಕೇ ಹೊರತು ಬೇರೇನಲ್ಲ. ಈ ಕಲೆಯನ್ನೇ ಬದುಕಾಗಿಸಿಕೊಂಡ ಕೊಪ್ಪಳ ಜಿಲ್ಲೆಯ ಮೋರನಾಳದ ಹಿರಿಯ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ೨೦೨೫ರಲ್ಲಿ ಪದ್ಮಶ್ರೀ ಸಂದಿತು.

ಪ್ಲಾಸ್ಟಿಕ್ ಗೊಂಬೆಗೂ ಇದೇ ಪಾಠ. ಮೊದಲು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ. ಬಿಳಿಯ ಅಸ್ತರಿ ಬೇಡವೇ ಬೇಡ. ಉಪ್ಪುಕಾಗದದಿಂದ ಉಜ್ಜಲೂ ಬೇಡಿ, ಗೀರು ಬಿದ್ದ ಮೈ ಮಂಜಾಗುತ್ತದೆ. ಸ್ಟೇಷನರಿ ಅಂಗಡಿಯಲ್ಲಿ ಗಾಜಿನ ಮೇಲೆ ಚಿತ್ರ ಬರೆಯುವ ಬಣ್ಣ ಸಿಗುತ್ತದೆ. ನೀರಿನಲ್ಲಿ ಕಲಸುವ ಬಗೆಯದನ್ನೇ ಕೇಳಿ ತನ್ನಿ. ಒಮ್ಮೆಗೇ ದಪ್ಪಗೆ ಹಚ್ಚದೆ, ತೆಳುವಾಗಿ ಒಂದು ಸಲ ಹಚ್ಚಿ, ಪೂರ್ತಿ ಒಣಗಿದ ಮೇಲೆ ಇನ್ನೊಂದು ಸಲ ಹಚ್ಚಿ. ಹಳ್ಳವಿರುವಲ್ಲಿ ಬಣ್ಣ ತಾನಾಗಿ ನಿಂತು ಗಾಢವಾಗುತ್ತದೆ, ಉಬ್ಬಿದ ಕಡೆ ತಿಳಿಯಾಗಿ ಉಳಿಯುತ್ತದೆ. ಜ್ವಾಲೆಗೆ ಬೇಕಾದದ್ದೂ ಅದೇ.

ಸಾಮಾನ್ಯ ಬಣ್ಣವನ್ನು ಪೂರ್ತಿ ಬಿಡಬೇಕಾಗಿಲ್ಲ. ಗೊಂಬೆಯ ಪೀಠ, ಕತ್ತಿ, ಕಣ್ಣು ಮುಂತಾದ ಗಟ್ಟಿ ವಸ್ತುಗಳಿಗೆ ಅದನ್ನೇ ಬಳಸಿ. ತೊಗಲುಗೊಂಬೆಯ ಕಪ್ಪು ಗೆರೆಯಂತೆ, ಬೆಳಕನ್ನು ತಡೆಯುವ ಭಾಗ ಪಕ್ಕದಲ್ಲಿದ್ದರೆ ಬೆಳಕು ಹಾಯುವ ಭಾಗ ಇನ್ನಷ್ಟು ಎದ್ದು ಕಾಣುತ್ತದೆ. ಕೊನೆಗೆ ವಾರ್ನಿಷ್ ಹಚ್ಚುವುದಾದರೆ ಹೊಳಪಿನದೇ ಇರಲಿ. ಮುರಿದ ತುಂಡನ್ನು ತಕ್ಷಣ ಕಚ್ಚುವ ಅಂಟಿನಿಂದ ಅಂಟಿಸಿದರೆ ಸುತ್ತ ಬಿಳಿಯ ಮಸುಕು ಕಟ್ಟುವುದುಂಟು, ಎಚ್ಚರ.

ಪಾಲಕರಿಗೆ ಒಂದೆರಡು ಮಾತು. ಥಿನ್ನರ್ ಮಕ್ಕಳ ಕೈಗೆ ಕೊಡಬೇಡಿ. ಅದರ ಆವಿ ಒಳ್ಳೆಯದಲ್ಲ, ಹಲವು ಬಗೆಯ ಪ್ಲಾಸ್ಟಿಕ್ಕನ್ನೂ ಅದು ಕೆಡಿಸುತ್ತದೆ. ಯಾವ ಬಣ್ಣವನ್ನಾದರೂ ಮೊದಲು ಗೊಂಬೆಯ ಅಡಿಯಲ್ಲಿ ಒಂದು ಚುಕ್ಕೆ ಹಚ್ಚಿ ನೋಡಲು ಹೇಳಿ. ರಜೆಯಲ್ಲಿ ಬೆಂಗಳೂರಿಗೆ ಹೋದಾಗ ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿರುವ ತೊಗಲುಗೊಂಬೆಗಳ ಸಂಗ್ರಹವನ್ನು ಮಕ್ಕಳಿಗೆ ತೋರಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲ ಗೊಂಬೆ ಕೆಟ್ಟಾಗ ಬಯ್ಯಬೇಡಿ. ಬೆಳಕು ಎಲ್ಲಿ ನಿಲ್ಲುತ್ತದೆ, ಏಕೆ ನಿಲ್ಲುತ್ತದೆ ಎಂಬುದನ್ನು ಆ ಕೆಟ್ಟ ಗೊಂಬೆಯಷ್ಟು ಚೆನ್ನಾಗಿ ಬೇರೆ ಯಾವುದೂ ಕಲಿಸದು.

ನಮ್ಮ ಹುಡುಗನ ಜ್ವಾಲೆಯನ್ನು ಎರಡು ದಿನ ಸೋಪಿನ ನೀರಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರು. ಬಣ್ಣ ಬಹುಪಾಲು ಬಿಟ್ಟಿತು. ಬುಡಕ್ಕೆ ಹಳದಿ, ತುದಿಗೆ ಕೆಂಪು, ಎರಡೂ ತೆಳುವಾಗಿ ಹಚ್ಚಿದ್ದಾಯಿತು. ಆ ರಾತ್ರಿ ಕರೆಂಟು ಹೋದಾಗ ಹುಡುಗ ಅಪ್ಪನ ಬಿಳಿ ಪಂಚೆ ಕಟ್ಟಿ, ಹಿಂದೆ ಟಾರ್ಚ್ ಹಿಡಿದ. ಪಂಚೆಯ ಮೇಲೆ ಬೆಂಕಿ ಮೂಡಿತು. ‘ಇನ್ನೊಮ್ಮೆ ತೋರಿಸೋ’ ಎಂದವರು ತಾಯಿ.