ಎಣ್ಣೆ ಹತ್ತಿದರೂ ಅಳಿಯದ ಚೌಕ

ಮಕ್ಕಳೇ, ಮೊನ್ನೆ ಚಳ್ಳಕೆರೆಯ ಬಸ್ ನಿಲ್ದಾಣದ ಹತ್ತಿರ ಚಹಾ ಕುಡಿದು ಹಣ ಕೊಡಲು ಹೊರಟೆ. ಅಂಗಡಿಯ ಕ್ಯೂಆರ್ ಕೋಡ್ ಚೀಟಿಗೆ ಬೋಂಡಾ ಎಣ್ಣೆ ಹತ್ತಿ ಒಂದು ಕಡೆ ಅಳಿಸಿಹೋಗಿತ್ತು. ಆದರೂ ನನ್ನ ಫೋನು ಅದನ್ನು ಓದಿತು! ಇದು ಹೇಗೆ ಸಾಧ್ಯ?

ನಿಮ್ಮಲ್ಲಿ ಮೊಳಕಾಲ್ಮೂರಿನವರು ಜಕಾರ್ಡ್ ಜೋಡಿಸಿದ ರೇಷ್ಮೆ ಮಗ್ಗವನ್ನು ನೋಡಿರಬಹುದು. ಅದರ ಮೇಲೆ ತೂತುಗಳಿರುವ ರಟ್ಟಿನ ಪಟ್ಟಿಗಳು ಸುತ್ತುತ್ತಿರುತ್ತವೆ. ತೂತಿದ್ದರೆ ಎಳೆ ಮೇಲೇಳುತ್ತದೆ, ಇಲ್ಲದಿದ್ದರೆ ಇಲ್ಲ. ಸೆರಗಿನ ಚಿತ್ತಾರವೆಲ್ಲ ಈ 'ಇದೆ-ಇಲ್ಲ'ಗಳಿಂದಲೇ ಮೂಡುತ್ತದೆ. ಕ್ಯೂಆರ್ ಕೋಡೂ ಹಾಗೆಯೇ. ಕಪ್ಪು ಚೌಕ ಎಂದರೆ 1, ಬಿಳಿ ಚೌಕ ಎಂದರೆ 0. 1994ರಲ್ಲಿ ಜಪಾನಿನ ಎಂಜಿನಿಯರ್ ಮಸಾಹಿರೊ ಹಾರಾ ಮತ್ತು ಅವರ ತಂಡದವರು ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಇದನ್ನು ರೂಪಿಸಿದರು. ಅತಿ ಚಿಕ್ಕ ಕೋಡಿನಲ್ಲಿ ಅಡ್ಡಕ್ಕೆ 21, ಉದ್ದಕ್ಕೆ 21 ಚೌಕಗಳಿರುತ್ತವೆ.

ಇನ್ನು ಎಣ್ಣೆಯ ಕಥೆ. 4, 7, 5 ಎಂದು ಬರೆದು ಪಕ್ಕದಲ್ಲಿ ಮೊತ್ತ 16 ಎಂದೂ ಬರೆಯಿರಿ. ಈಗ 7ನ್ನು ಅಳಿಸಿ. ಉಳಿದದ್ದನ್ನು ನೋಡಿ ಅದು 7 ಎಂದು ಹೇಳಬಲ್ಲಿರಿ, ಅಲ್ಲವೆ? ಕೋಡಿನಲ್ಲೂ ಇಂತಹ ಹೆಚ್ಚುವರಿ ಅಂಕಿಗಳನ್ನು ಸೇರಿಸಿರುತ್ತಾರೆ. ಲೆಕ್ಕ ಮಾತ್ರ ಇದಕ್ಕಿಂತ ಬಹಳ ಜಟಿಲ. ಕೆಲವು ಕೋಡುಗಳಲ್ಲಿ ಶೇಕಡಾ 30ರಷ್ಟು ಮಾಹಿತಿ ಹಾಳಾದರೂ ಫೋನು ಅದನ್ನು ತಾನೇ ತುಂಬಿಕೊಳ್ಳುತ್ತದೆ.

ಹಾಗಾದರೆ ಅಂಗಡಿಯ ಕೋಡಿನೊಳಗೆ ಹಣ ಇದೆಯೆ? ಇಲ್ಲ. ಹಣ ಯಾರಿಗೆ ಹೋಗಬೇಕು ಎಂಬ ವಿಳಾಸ ಇದೆ, ಅಷ್ಟೆ. 2016ರಲ್ಲಿ ಬಂದ ಯುಪಿಐ ವ್ಯವಸ್ಥೆ ಆ ವಿಳಾಸಕ್ಕೆ ಹಣ ಮುಟ್ಟಿಸುತ್ತದೆ. ಇದು ತಿಳಿಯದೆ ಮೋಸ ಹೋದವರು ಬಹಳ ಮಂದಿ.

ಒಂದು ನೇಕಾರರ ಮನೆಯವರು ಸೀರೆಯ ಫೋಟೋವನ್ನು ವಾಟ್ಸಾಪಿನಲ್ಲಿ ಹಾಕಿದರು ಎಂದುಕೊಳ್ಳಿ. ದೂರದ ಊರಿನಿಂದ ಕರೆ ಬರುತ್ತದೆ: "ಸೀರೆ ಬೇಕು, ಮುಂಗಡ ಕಳಿಸಿದ್ದೇನೆ. ಈ ಕೋಡನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ನಿಮಗೆ ಬರುತ್ತದೆ." ಈಗ ನೀವೇ ಹೇಳಿ, ಆ ಕೋಡಿನಲ್ಲಿರುವುದು ಯಾರ ವಿಳಾಸ? ಕರೆ ಮಾಡಿದವನದು! ಪಿನ್ ಒತ್ತಿದರೆ ವಾರಗಟ್ಟಲೆ ನೇಯ್ದ ಸೀರೆಗೆ ಕಾಸು ಬರುವುದಿರಲಿ, ಮನೆಯ ಹಣವೇ ಹೋಗುತ್ತದೆ. ಬರುವ ಹಣಕ್ಕೆ ಪಿನ್ ಬೇಕಾಗಿಲ್ಲ. ಫೋನು ನಿಮಗೆ ಬೇಗ ಅರ್ಥವಾಗುತ್ತದೆ, ಹಾಗಾಗಿ ಇದನ್ನು ಅಜ್ಜಿ-ತಾತನಿಗೆ ನೀವೇ ಹೇಳಿಕೊಡಿ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಮೋಸಗಾರ ಹಣವನ್ನು ಬೇರೆ ಖಾತೆಗೆ ದಾಟಿಸುವ ಮೊದಲೇ ದೂರು ಹೋದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಮಾಡಿ ನೋಡಿ: ಹಳೆಯ ಬಿಸ್ಕತ್ತು ಪೊಟ್ಟಣದ ಮೇಲೆ ಕ್ಯೂಆರ್ ಕೋಡ್ ಇದ್ದರೆ ಹುಡುಕಿ. ಮೂರು ಮೂಲೆಗಳಲ್ಲಿ ದೊಡ್ಡ ಚೌಕಗಳಿವೆ, ನಾಲ್ಕನೆಯದರಲ್ಲಿ ಇಲ್ಲ. ಅಲ್ಲಿಯೂ ಅಂಥದ್ದೇ ಚೌಕ ಇದ್ದಿದ್ದರೆ ಫೋನಿಗೆ ಏನು ತೊಂದರೆಯಾಗುತ್ತಿತ್ತು? ಪೊಟ್ಟಣವನ್ನು ತಲೆಕೆಳಗೆ ಹಿಡಿದು ಯೋಚಿಸಿ.